ಜಪಾನ್ ಯಾಕೆ ಇಷ್ಟೊಂದು ನಡುಗುತ್ತೆ? ನಾವು ಯಾಕೆ ಇಷ್ಟು ಬೇಗ ಮರೀತೀವಿ?

ಹೋದ ಭಾನುವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಇಸವಿಗಳನ್ನು ಸೇರಿಸಿದ್ದೇನೆ, ಅಷ್ಟೇ.

ಇದು ಶುರುವಾಗಿದ್ದು ಪುಣೆಯ ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ. ನಮ್ಮ ಟೀಮಿನಲ್ಲಿ ಹಾಸನದ ಕಡೆಯ ಹುಡುಗನೊಬ್ಬ ಇದ್ದಾನೆ. ಅವನಿಗೆ ಟೋಕಿಯೋದಲ್ಲಿ ಒಂದು ವರ್ಷದ ಆನ್‌ಸೈಟ್ ಬಂದಿದೆ. ಖುಷಿಯಾಗಿರಬೇಕಾದವನು ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. "ಅಮ್ಮ ಬೇಡವೇ ಬೇಡ ಅಂತಿದ್ದಾರೆ ಸರ್. ಅಲ್ಲಿ ದಿನಾ ಭೂಮಿ ನಡುಗುತ್ತಂತೆ. ಇಲ್ಲಾದ್ರೆ ಆ ಭಯ ಇಲ್ವಲ್ಲ" ಅಂದ.

ನನಗೆ ನೆನಪಾಗಿದ್ದು 1993ರ ಸೆಪ್ಟೆಂಬರ್ 30. ನಮ್ಮೂರು ಬಸವಕಲ್ಯಾಣದ ಹತ್ತಿರ. ಆಗ ನನಗೆ ಒಂಬತ್ತು ವರ್ಷ. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಸುಸ್ತಾಗಿ ಮಲಗಿದ್ವಿ. ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಇತ್ತು. ಜಂತಿಯ ಸಂದಿನಿಂದ ಮಣ್ಣು ಮುಖದ ಮೇಲೆ ಉದುರಿತು. ಗೂಡಿನಲ್ಲಿದ್ದ ತಾಮ್ರದ ತಂಬಿಗೆ ಉರುಳಿ ಬಿತ್ತು. ಆಯಿ "ಏಳ್ರಿ, ಹೊರಗ ನಡೀರಿ, ಶೇಷ ಮಗ್ಗಲಾ ಬದಲಿಸ್ಯಾನ" ಅಂತ ಕೂಗ್ತಾ ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದಳು. ನಮಗೇನೂ ಆಗಲಿಲ್ಲ. ಆದರೆ ಬೆಳಕು ಹರಿದ ಮೇಲೆ ಸುದ್ದಿ ಬಂತು: ಗಡಿಯಾಚೆ, ನಮ್ಮೂರಿಂದ ಐವತ್ತು ಕಿಲೋಮೀಟರಿನ ಒಳಗೆ, ಲಾತೂರ್ ಜಿಲ್ಲೆಯ ಕಿಲ್ಲಾರಿ ನೆಲಸಮವಾಗಿತ್ತು.

ಇದನ್ನು ಆ ಹುಡುಗನಿಗೆ ಹೇಳಿದೆ. ಅವನು ಹುಟ್ಟುವ ಮುಂಚಿನ ಮಾತು, ಕಿಲ್ಲಾರಿ ಹೆಸರನ್ನೇ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಸರ್, ಆದ್ರೆ ಜಪಾನೇ ಯಾಕೆ ಅಷ್ಟು ನಡುಗುತ್ತೆ? ನಾವು ಯಾಕೆ ಅಷ್ಟು ನಡುಗಲ್ಲ?" ಅಂತ ಕೇಳಿದ. ಒಳ್ಳೇ ಪ್ರಶ್ನೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗೋದಕ್ಕೆ ಮನುಷ್ಯನಿಗೆ 1960ರ ದಶಕದವರೆಗೂ ಕಾಯಬೇಕಾಯಿತು. ಆ ಉತ್ತರದ ದೊಡ್ಡ ಪಾಲು ಸಿಕ್ಕಿದ್ದು ಜಪಾನಿನಲ್ಲೇ.

ಮೊದಲು ಲೆಕ್ಕ ನೋಡಿ. ಭೂಮಿಯ ಮೇಲಿನ ಒಟ್ಟು ನೆಲದಲ್ಲಿ ಜಪಾನಿನ ಪಾಲು ಸುಮಾರು ಶೇಕಡಾ 0.25. ಆದರೆ ಜಗತ್ತಿನಲ್ಲಿ ಆಗುವ 6ಕ್ಕಿಂತ ಹೆಚ್ಚಿನ ತೀವ್ರತೆಯ ಭೂಕಂಪಗಳಲ್ಲಿ ಹೆಚ್ಚುಕಡಿಮೆ ಐದಕ್ಕೊಂದು ಆಗುವುದು ಜಪಾನಿನಲ್ಲಿ ಅಥವಾ ಅದರ ಸುತ್ತಲಿನ ಕಡಲಿನಲ್ಲಿ. ಅಂದರೆ ಹುಡುಗನ ತಾಯಿ ಹೇಳಿದ್ದು ಸುಳ್ಳಲ್ಲ.

ಜಪಾನಿನವರಿಗೂ ಒಬ್ಬ ಆದಿಶೇಷ ಇದ್ದ. ಕ್ಯಾಟ್‌ಫಿಶ್ ಅಂತೀವಲ್ಲ, ಮೀಸೆ ಇರುವ ಮೀನು, ಅದನ್ನು ಅವರು ನಮಾಜು ಅಂತಾರೆ. ನೆಲದಡಿಯಲ್ಲಿ ಒಂದು ದೈತ್ಯ ನಮಾಜು ಮಲಗಿದೆ, ಕಾಶಿಮಾ ಅನ್ನುವ ದೇವರು ಅದರ ಮೇಲೆ ಬಂಡೆ ಹೇರಿ ಅದುಮಿ ಹಿಡಿದಿದ್ದಾನೆ, ಅವನ ಗಮನ ತಪ್ಪಿದಾಗ ಮೀನು ಹೊರಳುತ್ತದೆ ಅಂತ ನಂಬಿಕೆ. 1855ರ ನವೆಂಬರಿನಲ್ಲಿ ಎಡೊ, ಅಂದರೆ ಇವತ್ತಿನ ಟೋಕಿಯೋ, ದೊಡ್ಡ ಭೂಕಂಪಕ್ಕೆ ಸಿಕ್ಕಿತು. ಅವರ ಹಳೆಯ ಪಂಚಾಂಗದಲ್ಲಿ ಅದು ಹತ್ತನೇ ತಿಂಗಳು, ದೇವರುಗಳೆಲ್ಲ ಇಜುಮೋ ಅನ್ನುವ ಕ್ಷೇತ್ರಕ್ಕೆ ಸಭೆಗೆ ಹೋಗಿರುವ ತಿಂಗಳು. ಕಾವಲುಗಾರ ರಜೆಯಲ್ಲಿದ್ದ, ಮೀನು ಹೊರಳಿತು ಅಂತ ಜನ ಅರ್ಥ ಮಾಡಿಕೊಂಡರು. ಆಮೇಲೆ ಬೀದಿಯಲ್ಲಿ ಮಾರಾಟವಾದ ಮೀನಿನ ಚಿತ್ರಗಳಲ್ಲಿ ಒಂದು ತಮಾಷೆ ಇದೆ. ಕೆಲವು ಚಿತ್ರಗಳಲ್ಲಿ ಜನ ಮೀನನ್ನು ಹಿಡಿದು ಹೊಡೀತಿದ್ದರೆ, ಇನ್ನು ಕೆಲವದರಲ್ಲಿ ಬಡಗಿಗಳು ಅದಕ್ಕೆ ಉಪಚಾರ ಮಾಡ್ತಿದ್ದಾರೆ. ಊರು ಬಿದ್ದರೆ ಕಟ್ಟುವವರಿಗೆ ಕೂಲಿ ತಾನೇ? ಭೂಕಂಪದಲ್ಲಿ ಯಾರು ಸಾಯ್ತಾರೆ, ಯಾರು ದುಡ್ಡು ಮಾಡ್ತಾರೆ ಅನ್ನೋದು ಆ ಕಾಲದ ಚಿತ್ರಗಾರರಿಗೂ ಗೊತ್ತಿತ್ತು.

ಮೀನನ್ನು ಬಿಟ್ಟು ಯಂತ್ರ ಹಿಡಿದಿದ್ದು 1880ರಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಯೊಕೊಹಾಮಾ ನಡುಗಿತು. ಟೋಕಿಯೋದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿಶಾಸ್ತ್ರ ಹೇಳಿಕೊಡುತ್ತಿದ್ದ ಜಾನ್ ಮಿಲ್ನ್ ಅನ್ನುವ ಇಂಗ್ಲಿಷ್ ಮೇಷ್ಟ್ರು ಮತ್ತು ಅವರ ಜೊತೆಗಾರರು ಸೇರಿ ಅದೇ ವರ್ಷ ಜಪಾನಿನ ಭೂಕಂಪಶಾಸ್ತ್ರ ಸಂಘ ಕಟ್ಟಿದರು. ಇಡೀ ಜಗತ್ತಿನಲ್ಲೇ ಅಂಥ ಮೊದಲ ಸಂಘ ಅದು. ನಡುಕವನ್ನು ಬರೆದಿಡುವ ಸೀಸ್ಮೋಗ್ರಾಫ್ ಯಂತ್ರಗಳು ಅಲ್ಲೇ ಪಳಗಿದವು.

1891ರ ಅಕ್ಟೋಬರ್ 28ರಂದು ನೋಬಿ ಬಯಲು ಅದುರಿತು. ತೀವ್ರತೆ ಸುಮಾರು 8. ಸತ್ತವರು 7 ಸಾವಿರಕ್ಕೂ ಹೆಚ್ಚು. ಯುರೋಪಿನ ಮಾದರಿ ಅಂತ ಹೆಮ್ಮೆಯಿಂದ ಕಟ್ಟಿದ್ದ ಇಟ್ಟಿಗೆಯ ಕಟ್ಟಡಗಳು ಬಿದ್ದವು, ನಾಗಾರಾ ನದಿಯ ಕಬ್ಬಿಣದ ರೈಲು ಸೇತುವೆ ಮುರಿಯಿತು. ನೇಯೊ ಕಣಿವೆಯ ಮಿದೋರಿ ಅನ್ನುವ ಹಳ್ಳಿಯಲ್ಲಿ ನೆಲ ಸೀಳಿ, ಒಂದು ಬದಿ ಇನ್ನೊಂದು ಬದಿಗಿಂತ ಆರು ಮೀಟರ್ ಮೇಲೆದ್ದು ನಿಂತಿತ್ತು. ಎರಡು ಮಹಡಿ ಎತ್ತರ ಅಂದುಕೊಳ್ಳಿ. ಅಲ್ಲಿವರೆಗೆ ಬಹಳ ಜನ ವಿದ್ವಾಂಸರು ನಂಬಿದ್ದು, ಒಳಗೆಲ್ಲೋ ಹಬೆಯೋ ಜ್ವಾಲಾಮುಖಿಯೋ ಸಿಡಿದು ನೆಲ ನಡುಗುತ್ತೆ, ನಡುಗಿದ್ದರಿಂದ ಬಿರುಕು ಬೀಳುತ್ತೆ ಅಂತ. ಮಿದೋರಿಯನ್ನು ನೋಡಿದ ಭೂವಿಜ್ಞಾನಿ ಕೋಟೋ ಬುಂಜಿರೋ ಅದನ್ನು ತಿರುವಿ ಹಾಕಿದರು: ಬಿರುಕಿನ ಎರಡು ಬದಿ ಥಟ್ಟನೆ ಜಾರಿದ್ದರಿಂದಲೇ ನೆಲ ನಡುಗಿದ್ದು. ಬಿರುಕೇ ಕಾರಣ, ಪರಿಣಾಮವಲ್ಲ. ಇವತ್ತು ಪಾಠದ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಮಾತು ಇದು. ಅವತ್ತು ಇದನ್ನು ಹೇಳೋದಕ್ಕೆ ಧೈರ್ಯ ಬೇಕಿತ್ತು.

ಮರುವರ್ಷ, 1892ರಲ್ಲಿ, ಸರ್ಕಾರ ಭೂಕಂಪ ತನಿಖಾ ಸಮಿತಿ ಮಾಡಿತು. ಅಲ್ಲಿಂದ ಮೇಲೆ ಬಂದವರಲ್ಲಿ ಇಬ್ಬರ ಕಥೆ ಹೇಳಲೇಬೇಕು. ಒಬ್ಬರು ಓಮೋರಿ ಫುಸಾಕಿಚಿ, ಟೋಕಿಯೋ ವಿಶ್ವವಿದ್ಯಾಲಯದ ಪ್ರೊಫೆಸರ್, ಜಗತ್ತಿಗೇ ಹೆಸರಾದವರು. ದೊಡ್ಡ ಭೂಕಂಪದ ನಂತರದ ಮರಿಕಂಪನಗಳು ದಿನ ಕಳೆದಂತೆ ಹೇಗೆ ಕಡಿಮೆಯಾಗುತ್ತವೆ ಅನ್ನುವ ನಿಯಮ ಇವತ್ತಿಗೂ ಅವರ ಹೆಸರಿನಲ್ಲೇ ಇದೆ. ಇನ್ನೊಬ್ಬರು ಅವರ ಕೈಕೆಳಗಿದ್ದ ಇಮಾಮುರಾ ಅಕಿತ್ಸುನೆ.

1905ರಲ್ಲಿ ಇಮಾಮುರಾ ಒಂದು ಪತ್ರಿಕೆಗೆ ಲೇಖನ ಬರೆದರು. ಐವತ್ತು ವರ್ಷದೊಳಗೆ ಟೋಕಿಯೋಗೆ ದೊಡ್ಡ ಭೂಕಂಪ ಬರಬಹುದು, ಮರದ ಮನೆಗಳಿಗೆ ಬೆಂಕಿ ಹತ್ತಿದರೆ ಲಕ್ಷಕ್ಕೂ ಹೆಚ್ಚು ಜನ ಸಾಯಬಹುದು, ಈಗಲೇ ತಯಾರಾಗಿ ಅಂತ. ದಿನಪತ್ರಿಕೆಗಳು ಅದಕ್ಕೆ ಉಪ್ಪುಖಾರ ಹಚ್ಚಿದವು, ಊರಲ್ಲಿ ಗಾಬರಿಯಾಯಿತು. ಓಮೋರಿ ಮುಂದೆ ಬಂದು ಇದಕ್ಕೆ ಬುಡವಿಲ್ಲ ಅಂತ ಬಹಿರಂಗವಾಗಿ ತಳ್ಳಿಹಾಕಿದರು. ಅವರು ಕೆಟ್ಟವರಲ್ಲ. ಜನ ದಿಕ್ಕೆಟ್ಟು ಓಡಬಾರದು ಅನ್ನುವುದು ಅವರ ಕಾಳಜಿ. ಆದರೆ ದೊಡ್ಡ ಮೇಷ್ಟ್ರು ಇಲ್ಲ ಅಂದ ಮೇಲೆ ಚಿಕ್ಕ ಮೇಷ್ಟ್ರ ಮಾತು ಯಾರು ಕೇಳ್ತಾರೆ? ನಮ್ಮ ಆಫೀಸ್ ಮೀಟಿಂಗುಗಳಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಮಾಮುರಾಗೆ ಸುಳ್ಳುಗಾರ ಅನ್ನುವ ಹೆಸರು ಅಂಟಿತು.

1923ರ ಸೆಪ್ಟೆಂಬರ್ 1, ಬೆಳಿಗ್ಗೆ 11 ಗಂಟೆ 58 ನಿಮಿಷ. ಮನೆಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಒಲೆ ಹಚ್ಚಿದ್ದ ಹೊತ್ತು. 7.9 ತೀವ್ರತೆಯ ಭೂಕಂಪ ಟೋಕಿಯೋ, ಯೊಕೊಹಾಮಾ ಎರಡನ್ನೂ ಬೀಳಿಸಿತು. ಮೇಲಿಂದ ಜೋರು ಗಾಳಿ, ನೀರಿನ ಕೊಳವೆಗಳು ಒಡೆದಿದ್ದವು. ಬೆಂಕಿ ಆರಿಸುವವರೇ ಇಲ್ಲ. ಹೊಂಜೊ ಎಂಬಲ್ಲಿ ಸಾಮಾನು ಸರಂಜಾಮು ಹೊತ್ತು ಒಂದು ಬಯಲಿಗೆ ಓಡಿಬಂದಿದ್ದ ಸುಮಾರು 38 ಸಾವಿರ ಜನ ಬೆಂಕಿಯ ಸುಂಟರಗಾಳಿಗೆ ಸಿಕ್ಕಿ ಸತ್ತರು. ಒಟ್ಟು ಸಾವು ಒಂದು ಲಕ್ಷ ದಾಟಿತು. ಅಷ್ಟಕ್ಕೇ ಮುಗಿಯಲಿಲ್ಲ. ಕೊರಿಯಾದವರು ಬಾವಿಗೆ ವಿಷ ಹಾಕ್ತಿದ್ದಾರೆ ಅಂತ ಗಾಳಿಮಾತು ಹಬ್ಬಿ, ಹೊಟ್ಟೆಪಾಡಿಗೆ ಅಲ್ಲಿಗೆ ಬಂದಿದ್ದ ಸಾವಿರಾರು ಕೊರಿಯನ್ನರನ್ನು ಗುಂಪುಗಳು ಕೊಂದವು. ಬೇರೆ ಊರಿಗೆ ಕೆಲಸಕ್ಕೆ ಬಂದು ಬದುಕುತ್ತಿರುವ ನಾವು ಈ ಭಾಗವನ್ನು ದಾಟಿಸಿ ಓದಬಾರದು.

ಭೂಮಿ ನಡುಗಿದಾಗ ಇಮಾಮುರಾ ಟೋಕಿಯೋದ ತಮ್ಮ ವಿಭಾಗದಲ್ಲೇ ಕೂತಿದ್ದರು. ಓಮೋರಿ ಎಲ್ಲಿದ್ದರು ಗೊತ್ತಾ? ಸಮ್ಮೇಳನಕ್ಕೆಂದು ಆಸ್ಟ್ರೇಲಿಯಾಗೆ ಹೋಗಿದ್ದರು. ಆ ದಿನ ಸಿಡ್ನಿಯ ರಿವರ್‌ವ್ಯೂ ವೀಕ್ಷಣಾಲಯ ನೋಡಲು ಹೋಗಿ ಸೀಸ್ಮೋಗ್ರಾಫಿನ ಮುಂದೆ ನಿಂತಿದ್ದಾಗಲೇ ಅದರ ಮುಳ್ಳು ಎದ್ದು ಹೊಯ್ದಾಡತೊಡಗಿತು. ಎಲ್ಲೋ ದೂರದಲ್ಲಿ ದೊಡ್ಡ ಭೂಕಂಪ. ಅದು ತಮ್ಮ ಊರೇ. ಅವರು ಹಡಗು ಹತ್ತಿ ವಾಪಸ್ ಬಂದಾಗ ಆಗಲೇ ಮೆದುಳಿನ ಗೆಡ್ಡೆಯಿಂದ ನರಳುತ್ತಿದ್ದರು. ನವೆಂಬರಿನಲ್ಲಿ ತೀರಿಕೊಂಡರು, 55 ವರ್ಷ.

ಇಷ್ಟಾದರೂ "ಜಪಾನೇ ಯಾಕೆ" ಅನ್ನೋದಕ್ಕೆ ಉತ್ತರ ಬಂದಿರಲಿಲ್ಲ. ಬಿರುಕು ಜಾರುತ್ತೆ ಸರಿ, ಅದನ್ನು ಜಾರಿಸೋದು ಯಾವುದು? 1928ರಲ್ಲಿ ವಾದಾತಿ ಕಿಯೂ ಅನ್ನುವ ತರುಣ ವಿಜ್ಞಾನಿ, ಜಪಾನಿನಡಿ ನೂರಾರು ಕಿಲೋಮೀಟರ್ ಆಳದಲ್ಲೂ ಭೂಕಂಪಗಳಾಗುತ್ತವೆ ಅಂತ ತೋರಿಸಿದರು. ಮುಂದೆ ಅವನ್ನೆಲ್ಲ ಜೋಡಿಸಿ ನೋಡಿದಾಗ ಒಂದು ವಿಚಿತ್ರ ಕಂಡಿತು. ಪೆಸಿಫಿಕ್ ಕಡಲಿನ ಕಡೆ ಮೇಲುಮೇಲೆ ಇರುವ ಕಂಪನಗಳು ಪಶ್ಚಿಮಕ್ಕೆ ಹೋದಂತೆ ಆಳಕ್ಕೆ ಇಳೀತಾ ಹೋಗುತ್ತವೆ, ಓರೆಯಾಗಿ ಇಟ್ಟ ಹಲಗೆಯ ಹಾಗೆ. ಆ ಹಲಗೆ ಏನು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಗುಟ್ಟು ಬಿಚ್ಚಿದ್ದು ಶೀತಲ ಸಮರ. ರಷ್ಯಾದವರು ನೆಲದಡಿ ಅಣುಬಾಂಬ್ ಪರೀಕ್ಷೆ ಮಾಡಿದರೆ ಪತ್ತೆಯಾಗಲಿ ಅಂತ ಅಮೆರಿಕ 1960ರ ದಶಕದಲ್ಲಿ ಲೋಕದ ತುಂಬಾ ನೂರಕ್ಕೂ ಹೆಚ್ಚು ಕಡೆ ಒಂದೇ ಬಗೆಯ ಸೀಸ್ಮೋಗ್ರಾಫುಗಳನ್ನು ಇಡಿಸಿತು. ನಮ್ಮ ಪುಣೆಯಲ್ಲೂ ದೆಹಲಿಯಲ್ಲೂ ಆ ಜಾಲದ ಕೇಂದ್ರಗಳಿದ್ದವು. ಬಾಂಬಿಗಿಂತ ಹೆಚ್ಚಾಗಿ ಅವು ಹಿಡಿದಿದ್ದು ಭೂಕಂಪಗಳನ್ನು. ಸಾವಿರಾರು ಭೂಕಂಪಗಳನ್ನು ಭೂಪಟದ ಮೇಲೆ ಚುಕ್ಕಿ ಇಟ್ಟು ನೋಡಿದರೆ ಅವು ಚೆಲ್ಲಾಪಿಲ್ಲಿ ಇರಲಿಲ್ಲ, ಸಾಲಾಗಿದ್ದವು. ಭೂಮಿಯ ಮೇಲ್ಪದರ ಒಡೆದ ಹಂಚುಗಳ ಹಾಗೆ ಹತ್ತಾರು ಫಲಕಗಳಾಗಿದೆ, ಅವು ಚಲಿಸುತ್ತಿವೆ, ಅವು ಸೇರುವ ಅಂಚಿನಲ್ಲೇ ಬಹುಪಾಲು ಭೂಕಂಪ. ಇದೇ ಪ್ಲೇಟ್ ಟೆಕ್ಟಾನಿಕ್ಸ್. ವಾದಾತಿಯ ಓರೆ ಹಲಗೆ ಅಂದರೆ ಜಪಾನಿನ ಕೆಳಗೆ ನುಗ್ಗಿ ಇಳಿಯುತ್ತಿರುವ ಪೆಸಿಫಿಕ್ ಫಲಕ.

ಜಪಾನಿನ ದುರದೃಷ್ಟ ಏನಂದರೆ ಅಲ್ಲಿ ನಾಲ್ಕು ಫಲಕಗಳು ಕೂಡುತ್ತವೆ. ಪೂರ್ವದಿಂದ ಪೆಸಿಫಿಕ್ ಫಲಕ ವರ್ಷಕ್ಕೆ ಸುಮಾರು 8 ಸೆಂಟಿಮೀಟರ್ ಬಂದು ಒಳಗೆ ನುಗ್ಗುತ್ತದೆ. ದಕ್ಷಿಣದಿಂದ ಫಿಲಿಪೀನ್ ಕಡಲ ಫಲಕ. ಮೇಲೆ ಕೂತಿರುವುದು ಯುರೇಷಿಯಾ ಮತ್ತು ಉತ್ತರ ಅಮೆರಿಕದ ಫಲಕಗಳ ಅಂಚು. 8 ಸೆಂಟಿಮೀಟರ್ ಅಂದರೆ ನಮ್ಮ ಉಗುರು ಬೆಳೆಯುವ ವೇಗದ ಎರಡರಷ್ಟು. ಇಷ್ಟು ನಿಧಾನಕ್ಕೆ ಹೋದರೆ ಊರು ಯಾಕೆ ಬೀಳಬೇಕು? ಮಳೆಗಾಲದಲ್ಲಿ ಹಳೇ ಮನೆಯ ಮರದ ಬಾಗಿಲು ಉಬ್ಬಿ ಬಿಗಿಯಾಗಿರುತ್ತಲ್ಲ, ನೆನಪಿಸಿಕೊಳ್ಳಿ. ತಳ್ಳುತ್ತೀರಿ, ಜಪ್ಪಯ್ಯ ಅನ್ನಲ್ಲ. ಇನ್ನೂ ತಳ್ಳುತ್ತೀರಿ. ಕೊನೆಗೆ ಧಡ್ ಅಂತ ತೆರೆದು ನೀವೇ ಮುಗ್ಗರಿಸುತ್ತೀರಿ. ಫಲಕಗಳ ಅಂಚೂ ಹಾಗೆಯೇ ಕಚ್ಚಿಕೊಂಡಿರುತ್ತದೆ. ನೂರಾರು ವರ್ಷದ ತಳ್ಳಾಟ ಒಂದೇ ಗಳಿಗೆಯಲ್ಲಿ ಬಿಚ್ಚುತ್ತದೆ. 2011ರ ಮಾರ್ಚ್ 11ರಂದು ತೀವ್ರತೆ 9ರ ಭೂಕಂಪದಲ್ಲಿ ಜಪಾನಿನ ಪೂರ್ವದ ಕಡಲತಳ ಒಂದು ಕಡೆ ಸುಮಾರು 50 ಮೀಟರ್ ಸರಿದುಹೋಯಿತು.

ಬೇರೆ ದೇಶಗಳಿಗೂ ಇದೇ ಲೆಕ್ಕ. ಒಂದು ಫಲಕ ಇನ್ನೊಂದರ ಕೆಳಗೆ ನುಗ್ಗುವ ಕಡೆ ಜಪಾನ್, ಚಿಲಿ, ಇಂಡೋನೇಷ್ಯಾ. ಎರಡು ಫಲಕಗಳು ಪಕ್ಕಪಕ್ಕದಲ್ಲಿ ಉಜ್ಜಿಕೊಂಡು ಸಾಗುವ ಕಡೆ ಉತ್ತರ ಟರ್ಕಿ, ಕ್ಯಾಲಿಫೋರ್ನಿಯಾ. ಎರಡು ಭೂಖಂಡಗಳೇ ಡಿಕ್ಕಿ ಹೊಡೆಯುವ ಕಡೆ ನೇಪಾಳ, ಕಾಶ್ಮೀರ, ಅಸ್ಸಾಂ. ನಮ್ಮ ಫಲಕ ವರ್ಷಕ್ಕೆ 4–5 ಸೆಂಟಿಮೀಟರ್ ಉತ್ತರಕ್ಕೆ ತಳ್ಳುತ್ತಲೇ ಇದೆ. 1905ರ ಕಾಂಗ್ರಾ, 1934ರ ಬಿಹಾರ–ನೇಪಾಳ, 1950ರ ಅಸ್ಸಾಂ, ಎಲ್ಲ ಆ ತಳ್ಳಾಟದ ಫಲ. ದೆಹಲಿ, ಗುರುಗ್ರಾಮ, ನೊಯ್ಡಾದಲ್ಲಿರುವ ಕನ್ನಡಿಗರು ಇದನ್ನು ಗಮನಿಸಬೇಕು.

ಆದರೆ ಇಲ್ಲಿಗೆ ನಿಲ್ಲಿಸಿದರೆ ಅರ್ಧ ಉತ್ತರ ಮಾತ್ರ. ಎಲ್ಲಿ ನಡುಗುತ್ತೆ ಅನ್ನೋದನ್ನು ಫಲಕ ತೀರ್ಮಾನಿಸುತ್ತೆ. ಎಷ್ಟು ಜನ ಸಾಯ್ತಾರೆ ಅನ್ನೋದನ್ನು ಅದು ತೀರ್ಮಾನಿಸಲ್ಲ.

2010ರ ಎರಡು ಭೂಕಂಪ ನೋಡಿ. ಜನವರಿಯಲ್ಲಿ ಹೈಟಿಯಲ್ಲಿ 7.0. ಫೆಬ್ರವರಿಯಲ್ಲಿ ಚಿಲಿಯಲ್ಲಿ 8.8. ಚಿಲಿಯದು ಬಿಡುಗಡೆ ಮಾಡಿದ ಶಕ್ತಿ ಹೈಟಿಯದಕ್ಕಿಂತ ಸುಮಾರು 500 ಪಟ್ಟು. ಚಿಲಿಯಲ್ಲಿ ಸತ್ತವರು ಐನೂರು ಚಿಲ್ಲರೆ. ಹೈಟಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು. ಬಡತನ ಒಂದು ಕಾರಣ, ಹೌದು. ಮರೆವು ಇನ್ನೊಂದು. ಚಿಲಿ 1960ರಲ್ಲಿ 9.5 ತೀವ್ರತೆಯದನ್ನು ಕಂಡ ದೇಶ. ಅಲ್ಲಿ ಪ್ರತಿ ಪೀಳಿಗೆಗೂ ನೆನಪು ಹಸಿಯಾಗಿರುತ್ತದೆ. ಹೈಟಿಯ ರಾಜಧಾನಿ ಅಂಥದ್ದೇ ದೊಡ್ಡ ಪೆಟ್ಟು ತಿಂದಿದ್ದು 1770ರಲ್ಲಿ. 240 ವರ್ಷ! ಯಾರ ಅಜ್ಜಿಯೂ ಅದನ್ನು ಹೇಳಿರಲಾರಳು.

ಜಪಾನ್ ನೆನಪನ್ನು ಕಾನೂನಿಗೆ ಇಳಿಸಿತು. 1923 ಆದ ಮರುವರ್ಷವೇ, ಕಟ್ಟಡ ತನ್ನ ಭಾರದ ಹತ್ತನೇ ಒಂದರಷ್ಟು ಬಲ ಅಡ್ಡಲಾಗಿ ಬಂದರೂ ತಡೆಯಬೇಕು ಅಂತ ನಿಯಮ ತಂದರು. 1981ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. 1995ರಲ್ಲಿ ಕೋಬೆ ನಡುಗಿ 6,434 ಜನ ಸತ್ತಾಗ ಬಿದ್ದದ್ದು ಹೆಚ್ಚಾಗಿ ಹಳೆಯ ಮನೆಗಳು. 1981ರ ನಂತರದವು ಬಹುಪಾಲು ನಿಂತವು. ಇವತ್ತಿಗೂ ಸೆಪ್ಟೆಂಬರ್ 1 ಅಲ್ಲಿ ವಿಪತ್ತು ತಡೆ ದಿನ, ಶಾಲೆ ಮಕ್ಕಳಿಂದ ಪ್ರಧಾನಿಯವರೆಗೆ ಡ್ರಿಲ್. ಅವರೂ ಮರೆಯೋದುಂಟು. 2011ರಲ್ಲಿ ಸುನಾಮಿಗೆ ಸುಮಾರು 18 ಸಾವಿರ ಜನ ಹೋದರು. ಆದರೆ ಅದೇ ಕರಾವಳಿಯಲ್ಲಿ ಅನೇಯೋಶಿ ಅನ್ನುವ ಪುಟ್ಟ ಹಳ್ಳಿ ಇದೆ. 1896 ಮತ್ತು 1933ರ ಸುನಾಮಿಗಳಲ್ಲಿ ನಾಶವಾದ ಮೇಲೆ ಊರವರು ಗುಡ್ಡದ ದಾರಿಯಲ್ಲಿ ಒಂದು ಕಲ್ಲು ನಿಲ್ಲಿಸಿ, ಇದರ ಕೆಳಗೆ ಮನೆ ಕಟ್ಟಬೇಡಿ ಅಂತ ಕೆತ್ತಿಸಿದ್ದರು. ಅದರ ಮಾತು ಕೇಳಿದರು. 2011ರ ಅಲೆ ಆ ಕಲ್ಲಿನ ಕೆಳಗೇ ನಿಂತಿತು.

ಈಗ ನಮ್ಮ ಕಡೆ ಬರೋಣ. ದಖನ್ ಅಂದರೆ ಗಟ್ಟಿ ಕಲ್ಲು, ಅಂಚಿನಿಂದ ದೂರ, ಭೂಕಂಪ ಇಲ್ಲ ಅಂತ ನಂಬಿದ್ದೆವು. 1967ರ ಡಿಸೆಂಬರ್ 11ರಂದು ಕೊಯ್ನಾ ನಡುಗಿ ಸುಮಾರು 180 ಜನ ಸತ್ತರು. ಅಣೆಕಟ್ಟೆಯಲ್ಲಿ ತುಂಬಿದ ನೀರಿನ ಪ್ರಭಾವ ಅದನ್ನು ಕೆರಳಿಸಿತು ಅಂತ ವಿಜ್ಞಾನಿಗಳು ಹೇಳುತ್ತಾರೆ. ಆಮೇಲೆ 1993ರ ಕಿಲ್ಲಾರಿ. ತೀವ್ರತೆ ಬರೀ 6.2. ಸತ್ತವರು ಎಂಟರಿಂದ ಹತ್ತು ಸಾವಿರ. ಫಲಕದ ಅಂಚಿನ ಒತ್ತಡ ಫಲಕದ ಹೊಟ್ಟೆಯೊಳಗಿನ ಹಳೆಯ ಬಿರುಕುಗಳಿಗೂ ತಲುಪುತ್ತದೆ, ಅಪರೂಪಕ್ಕೆ ಅವೂ ಜಾರುತ್ತವೆ. ಆದರೆ ಕೊಂದದ್ದು ಮನೆಗಳು. ಮಣ್ಣಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಬಿಸಿಲು ತಡೆಯಲೆಂದು ಹಾಕಿದ ಮೊಳದುದ್ದದ ಮಣ್ಣಿನ ಮಾಳಿಗೆ. ನಮ್ಮ ಮನೆಯೂ ಅಂಥದ್ದೇ. ಐವತ್ತು ಕಿಲೋಮೀಟರ್ ದೂರವಷ್ಟೇ ನಮ್ಮನ್ನು ಉಳಿಸಿದ್ದು. ಆಗಿನ ಸರ್ಕಾರಿ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ಮೊದಲ ವಲಯದಲ್ಲಿ. 2002ರ ನಕ್ಷೆಯಲ್ಲಿ ಆ ವಲಯವನ್ನೇ ತೆಗೆದುಹಾಕಿದರು. ಆ ನಕ್ಷೆಯಂತೆ ದೆಹಲಿ ನಾಲ್ಕನೇ ವಲಯ, ಮುಂಬೈ, ಪುಣೆ, ಚೆನ್ನೈ ಮೂರನೇದು, ಹೈದರಾಬಾದ್, ಬೆಂಗಳೂರು ಎರಡನೇದು. ಸೊನ್ನೆ ಅನ್ನುವ ವಲಯ ಎಲ್ಲೂ ಇಲ್ಲ.

ನಾವು ಈಗ ಕಲ್ಲಿನ ಮನೆಯಲ್ಲಿಲ್ಲ, ಕಾಂಕ್ರೀಟ್ ಫ್ಲ್ಯಾಟಿನಲ್ಲಿದ್ದೀವಿ ಅನ್ನಬಹುದು. 2001ರ ಜನವರಿ 26ರಂದು ಭುಜ್ ನಡುಗಿದಾಗ, 225 ಕಿಲೋಮೀಟರ್ ದೂರದ ಅಹಮದಾಬಾದಿನಲ್ಲಿ ನೂರಕ್ಕೂ ಹೆಚ್ಚು ಕಾಂಕ್ರೀಟ್ ಕಟ್ಟಡಗಳು ಕುಸಿದವು. ಅವುಗಳಲ್ಲಿ ಬಹಳಷ್ಟು, ಕೆಳಗೆ ಗೋಡೆಯೇ ಇಲ್ಲದೆ ಬರೀ ಪಿಲ್ಲರ್ ಮೇಲೆ ನಿಂತು, ಕಾರು ನಿಲ್ಲಿಸಲು ಜಾಗ ಬಿಟ್ಟವು. ಸ್ಟಿಲ್ಟ್ ಪಾರ್ಕಿಂಗ್. ಮೇಲಿನ ಮಹಡಿಗಳು ಗೋಡೆಗಳಿಂದ ಪೆಟ್ಟಿಗೆಯಂತೆ ಗಟ್ಟಿ, ಕೆಳಗೆ ಸಣ್ಣ ಕಾಲು. ನಡುಗಿದಾಗ ಪೂರಾ ಭಾರ ಆ ಕಾಲುಗಳ ಮೇಲೆ.

ನಾನು ಪುಣೆಯಲ್ಲಿ 2014ರಲ್ಲಿ ಫ್ಲ್ಯಾಟ್ ತಗೊಂಡೆ. ಸ್ಟಿಲ್ಟ್ ಮೇಲಿನ ಮೂರನೇ ಮಹಡಿ. ವಾಸ್ತು ಕೇಳಿದೆ, ನೀರು ಕೇಳಿದೆ, ಎರಡನೇ ಕಾರಿಗೆ ಜಾಗ ಕೇಳಿದೆ. ಕಿಲ್ಲಾರಿಯ ಮಣ್ಣು ಮುಖದ ಮೇಲೆ ಉದುರಿಸಿಕೊಂಡವನು, ಭೂಕಂಪದ ಬಗ್ಗೆ ಒಂದು ಮಾತು ಕೇಳಲಿಲ್ಲ. ಈ ವಿಡಿಯೋಗೆ ಓದುವಾಗ ನನಗೆ ನಿಜವಾಗಿ ನಾಚಿಕೆಯಾಗಿದ್ದು ಇದಕ್ಕೆ. ಹೋದ ವಾರ ಸೊಸೈಟಿ ಮೀಟಿಂಗಿನಲ್ಲಿ ಕೇಳಿದೆ: ನಮ್ಮ ಕಟ್ಟಡದ ಸ್ಟ್ರಕ್ಚರಲ್ ಡ್ರಾಯಿಂಗ್ ಎಲ್ಲಿದೆ? ಐಎಸ್ 1893, ಐಎಸ್ 13920 ಪ್ರಕಾರ ಡಿಸೈನ್ ಆಗಿದೆಯಾ? ಪಿಲ್ಲರಿನ ರಿಂಗ್ ಕಂಬಿಗಳ ತುದಿಯನ್ನು 135 ಡಿಗ್ರಿ ಒಳಕ್ಕೆ ಬಗ್ಗಿಸಿದ್ದಾರಾ? ಕೆಳಗಿನ ಪಿಲ್ಲರುಗಳ ನಡುವೆ ಕಾಂಕ್ರೀಟ್ ಗೋಡೆ ಸೇರಿಸಿ ಬಲಪಡಿಸಲು ಆಗುತ್ತಾ? ಪೇಂಟಿಂಗ್ ಟೆಂಡರ್ ಬಗ್ಗೆ ಮಾತಾಡ್ತಿದ್ದವರು ಒಂದು ನಿಮಿಷ ನನ್ನ ಮುಖ ನೋಡಿದರು. ಕಡೆಗೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸೋಣ ಅಂತ ಬರೆದುಕೊಂಡಿದ್ದಾರೆ. ಬರೆದುಕೊಂಡಿದ್ದಾರೆ ಅಷ್ಟೇ, ನಾನು ಬೆನ್ನು ಬಿಡಲ್ಲ. ನಿಮ್ಮ ಮುಂದಿನ ಮೀಟಿಂಗಿನಲ್ಲಿ ನೀವೂ ಕೇಳಿ.

ಹಾಸನದ ಹುಡುಗ ಟೋಕಿಯೋಗೆ ಹೊರಟಿದ್ದಾನೆ. ಅವನ ಅಮ್ಮನ ಜೊತೆ ನಾನೇ ಫೋನಿನಲ್ಲಿ ಮಾತಾಡಿದೆ. "ಅಮ್ಮಾ, ಅಲ್ಲಿ ಭೂಮಿ ಹೆಚ್ಚು ನಡುಗುತ್ತೆ, ನಿಜ. ಆದರೆ ಅದಕ್ಕೇ ಅವರು ಮನೆ ಗಟ್ಟಿ ಕಟ್ಕೊಂಡಿದ್ದಾರೆ" ಅಂದೆ. ಅವರು ಸ್ವಲ್ಪ ಯೋಚನೆ ಮಾಡಿ, "ಹಾಗಾದ್ರೆ ಈಗ ಅವನು ಇರೋ ಪುಣೆ ಮನೆ ಹೇಗಿದೆಯಪ್ಪ?" ಅಂದರು. ವಿಚಾರಿಸಿ ಹೇಳ್ತೀನಿ ಅಂದಿದ್ದೇನೆ.